ಮೂಳೆಯ ಕಾವಲುಗಾರನನ್ನು ಹುಡುಕಿ ಹೊರಟಾಗ

ರಕ್ತ ಪರೀಕ್ಷೆ ಮಾಡುವವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನನ್ನ ಹೆಂಡತಿಯ ಕಡೆಯವರು ಪ್ರತಿ ಮದುವೆ ಮನೆಯಲ್ಲೂ ಕೇಳುತ್ತಾರೆ. ಅವರಿಗೇನು ಗೊತ್ತು. ಸೂಜಿ ಹಿಡಿದು ಒಂದು ಊರಿನೊಳಗೆ ಕಾಲಿಟ್ಟರೆ ಸಾಕು, ಸಾಯಂಕಾಲದೊಳಗೆ ಏನಾದರೊಂದು ಆಗಿಯೇ ತೀರುತ್ತದೆ. ನಾನು ಹುಡುಕಿಕೊಂಡು ಹೋಗುವುದಿಲ್ಲ, ಅದೇ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ.

ನಾನು ಹಾಸನದ ಒಂದು ಸಣ್ಣ ಸಂಶೋಧನಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕೆಳಗೆ ಬೇಕರಿ, ಮೇಲೆ ನಾವು. ಲ್ಯಾಬ್ ನಡೆಸುವವರು ಒಬ್ಬ ಡಾಕ್ಟರ್ ಮೇಡಂ. ಅವರಿಗೆ ಮೂಳೆಯ ಹುಚ್ಚು. ನಮ್ಮ ಮೂಳೆ ಸುಮ್ಮನೆ ಬಿದ್ದಿರುವ ವಸ್ತುವಲ್ಲವಂತೆ. ಒಳಗೆ ಕೆಡವುವವರ ಒಂದು ಗುಂಪು, ಕಟ್ಟುವವರ ಇನ್ನೊಂದು ಗುಂಪು, ಯಾವಾಗಲೂ ಕೆಲಸ ನಡೆದೇ ಇರುತ್ತದಂತೆ. ಕೆಡವುವವರು ಮಿತಿ ಮೀರದ ಹಾಗೆ ತಡೆಯುವ ಒಂದು ಪ್ರೊಟೀನ್ ರಕ್ತದಲ್ಲಿ ಓಡಾಡುತ್ತಿರುತ್ತದೆ. ಅದರ ಹೆಸರು ಆಸ್ಟಿಯೋಪ್ರೊಟೆಜೆರಿನ್. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳುವವರ ಮೂಳೆ ಒಂದಿಷ್ಟು ಸವೆದಿರುತ್ತದೆ. ಅದಕ್ಕೇ ನಾನು ಊರುಗಳಲ್ಲಿ ಅದನ್ನು ಕಾವಲುಗಾರ ಎಂದೇ ಕರೆಯುತ್ತೇನೆ. ಮುಟ್ಟು ನಿಂತ ಹೆಂಗಸರ ರಕ್ತದಲ್ಲಿ ಈ ಕಾವಲುಗಾರ ಎಷ್ಟಿದ್ದಾನೆ ಎಂದು ಎಲೈಸಾ ಪರೀಕ್ಷೆಯಿಂದ ಅಳೆಯುವುದು ನಮ್ಮ ಕೆಲಸ.

ಎಲೈಸಾ ಅಂದರೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪ್ಲೇಟು. ಪಡ್ಡು ಹುಯ್ಯುವ ಹಂಚಿನಲ್ಲಿ ಇರುವ ಹಾಗೆ ಅದರ ತುಂಬ ಸಾಲುಸಾಲು ಗುಳಿ, ಆದರೆ ಬಟಾಣಿ ಗಾತ್ರದವು. ರಕ್ತದ ಮೇಲೆ ನಿಲ್ಲುವ ತಿಳಿಯನ್ನು ಒಂದೊಂದು ಗುಳಿಗೆ ಹಾಕಿ, ಅದರ ಮೇಲೆ ಒಂದಾದ ಮೇಲೊಂದು ಔಷಧಿ ಹಾಕುತ್ತಾ ಹೋದರೆ ಕೊನೆಗೆ ಹಳದಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕಾವಲುಗಾರ ಜಾಸ್ತಿ. ಇದಕ್ಕೆ ಬೇಕಾದ ಕಿಟ್ಟು ಹೊರದೇಶದಿಂದ ಬರಬೇಕು. ಈ ವರ್ಷಕ್ಕೆ ನಮಗೆ ಬಂದದ್ದು ಒಂದೇ, ಅದರೊಳಗಿದ್ದದ್ದು ಒಂದೇ ಪ್ಲೇಟು. ಕೆಟ್ಟರೆ ಇನ್ನೊಂದಿಲ್ಲ. ಸಾಲದ್ದಕ್ಕೆ, ಈ ವರ್ಷ ರಕ್ತ ಕೊಟ್ಟ ಹೆಂಗಸರೇ ಬರುವ ವರ್ಷ ಮತ್ತೆ ಕೊಡಬೇಕು. ಆಗಲೇ ಕಾವಲುಗಾರ ಹೆಚ್ಚಾದನೋ ಕಡಿಮೆಯಾದನೋ ತಿಳಿಯುವುದು. ಅಂದರೆ ಪ್ಲೇಟು ಹಾಳಾದರೂ ಮೇಡಂ ಕೆಲಸ ಮಣ್ಣು, ಹೆಂಗಸರು ಮುನಿಸಿಕೊಂಡರೂ ಮಣ್ಣು. ಮೇಡಂ ಆ ವರ್ಷವೆಲ್ಲ ಎರಡೇ ಮಾತು ಹೇಳುತ್ತಿದ್ದರು. "ಪ್ಲೇಟು ಜೋಪಾನ. ಹೆಂಗಸರು ಜೋಪಾನ."

ಗಂಡಸರ ಅಹವಾಲು

ಮೊದಲು ಹೋದದ್ದು ಹೊಳೆನರಸೀಪುರದ ಹತ್ತಿರದ ಒಂದು ಊರಿಗೆ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಮೇಜು ಹಾಕಿಕೊಂಡು ಕೂತೆವು. ರಕ್ತ ಅಂದರೆ ಹೆಂಗಸರು ಹಿಂದೆ ಸರಿಯುತ್ತಾರೆ ಎಂದು ಮೇಡಂ ಒಂದು ಭಾಷಣ ತಯಾರಿ ಮಾಡಿಕೊಂಡು ಬಂದಿದ್ದರು. ಹೆಂಗಸರು ಭಾಷಣ ಶುರುವಾಗುವ ಮೊದಲೇ ರವಿಕೆಯ ತೋಳು ಮಡಚಿ ಸಾಲಾಗಿ ನಿಂತರು. ತಕರಾರು ಬಂದದ್ದು ಗಂಡಸರಿಂದ.

ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು, ತಾವೂ ಸಾಲಿನಲ್ಲಿ ನಿಂತಿದ್ದರು. "ಇದು ಹೆಂಗಸರಿಗೆ ಮಾತ್ರ" ಎಂದೆ. "ಯಾಕ್ಸಾ, ನಮ್ಗೇನು ಮೂಳೆ ಇಲ್ವಾ?" ಎಂದು ಒಬ್ಬರು ಕೇಳಿದರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಅದಕ್ಕೆ ಅವರದ್ದು ಮೊದಲು ನೋಡುತ್ತಿದ್ದೇವೆ ಎಂದು ಮೇಡಂ ತಿಳಿಸಿ ಹೇಳಿದರು. ಗಂಡಸರು ತಲೆಯಾಡಿಸಿದರು, ಆದರೆ ಸಾಲು ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಒಬ್ಬ ಯಜಮಾನರು ಅಂಗಿಯ ತೋಳು ಮೇಲೇರಿಸಿಕೊಂಡು ಮೇಜಿನ ಹತ್ತಿರವೇ ಬಂದರು.

"ಮೇಡಮ್ಮೋರೆ, ಮದ್ವೆ ಆದಾಗಿಂದ ಇವ್ಳ ಕೂಡ ಬಾಳಾಟ ಮಾಡ್ತಾ ಇವ್ನಿ. ಸವೆದಿರಾದು ಯಾರ ಮೂಳೆ ಅಂತ ನೀವೇ ಒಸಿ ನೋಡ್ಬುಡಿ."

ನಾನು ಆಗ ಸೂಜಿ ಹಾಕುತ್ತಿದ್ದದ್ದು ಅವರ ಹೆಂಡತಿಯ ಕೈಗೇ. ಆಕೆ ತಲೆ ಕೂಡ ಎತ್ತಲಿಲ್ಲ.

"ತಗಳಿ ಸಾ, ಅವ್ರುದೂ ತಗಳಿ. ಆದ್ರೆ ಕೈಗೆ ಚುಚ್ಬ್ಯಾಡಿ. ಆ ಮನುಸ್ರಲ್ಲಿ ಇಷ್ಟ್ ವರ್ಸ ದುಡ್ದಿರಾದು ನಾಲ್ಗೆ ಒಂದೇಯ."

ಕೊನೆಗೆ ಊರಿನ ಗಂಡಸರಿಗೆಲ್ಲ ಬಿಪಿ ನೋಡಿ ಸಮಾಧಾನ ಮಾಡಬೇಕಾಯಿತು. ಆ ಯಜಮಾನರ ಬಿಪಿ ಅವತ್ತು ಸ್ವಲ್ಪ ಜಾಸ್ತಿಯೇ ಇತ್ತು.

ಉಪವಾಸ

ಈ ಪರೀಕ್ಷೆಗೆ ರಕ್ತವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆಯಬೇಕು ಎಂಬುದು ಮೇಡಂ ಹಾಕಿಕೊಂಡ ಕಟ್ಟುನಿಟ್ಟು. ಚನ್ನರಾಯಪಟ್ಟಣದ ಕಡೆ, ಹಿರೀಸಾವೆ ದಾಟಿ ಒಳಗಿರುವ ಒಂದು ಊರಿಗೆ ಮುಂಚೆಯೇ ಫೋನ್ ಮಾಡಿ, "ಶನಿವಾರ ಬರ್ತೀವಿ, ಎಲ್ಲರೂ ಉಪವಾಸ ಇರಬೇಕು" ಎಂದು ಹೇಳಿದ್ದೆ. "ಅದ್ನ ನೀವು ಯೋಳ್ಬೇಕಾ ಸಾ, ಶನಿವಾರ ನಾವೆಲ್ಲ ಇರಾದೇ ಉಪವಾಸ" ಎಂದು ಅತ್ತಲಿಂದ ಖುಷಿಯ ಉತ್ತರ ಬಂತು. ನನಗೂ ಖುಷಿಯಾಯಿತು. ಎಂಥ ಒಳ್ಳೆಯ ಊರು ಅಂದುಕೊಂಡೆ.

ಹೋಗಿ ನೋಡಿದರೆ ಎಲ್ಲರೂ ತಲೆಗೆ ಸ್ನಾನ ಮಾಡಿ, ಹೂವು ಮುಡಿದು, ಲಕ್ಷಣವಾಗಿ ಶಾಲೆಯ ಜಗಲಿಯ ಮೇಲೆ ಕೂತಿದ್ದರು. ಹತ್ತಿರ ಹೋದಂತೆ ಒಗ್ಗರಣೆಯ ಘಮ. ಇಂಗು, ಕರಿಬೇವು, ತುಪ್ಪ. ನನಗೇ ಹಸಿವಾಯಿತು. ಮೊದಲನೆಯ ಅಜ್ಜಿಯ ಕೈಗೆ ಪಟ್ಟಿ ಕಟ್ಟುತ್ತಾ, "ಏನೂ ತಿಂದಿಲ್ಲ ತಾನೆ?" ಎಂದೆ.

"ಇಲ್ಲ ಕಣಪ್ಪ. ಅನ್ನ ಮುಟ್ಟಿಲ್ಲ."

"ಅನ್ನ ಬಿಟ್ಟು ಬೇರೇನಾದ್ರೂ?"

"ಬ್ಯಾರೆ ಏನ್ ತಿಂದಾರು ಉಪವಾಸದ ದಿನ. ಉಪ್ಪಿಟ್ಟು ತಿಂದೆ, ಬಾಳೇಹಣ್ಣು ತಿಂದೆ, ಒಸಿ ಅವಲಕ್ಕಿ. ಅಷ್ಟೇಯ."

ಮುಂದಿನವರನ್ನು ಕೇಳಿದೆ. ಉಪ್ಪಿಟ್ಟು. ಅದರ ಮುಂದಿನವರು ಚಪಾತಿ, ಪಲ್ಯ. ಕೊನೆಯಲ್ಲಿ ಕೂತಿದ್ದಾಕೆ ಎರಡು ಸಲ ಉಪ್ಪಿಟ್ಟು ತಿಂದಿದ್ದರು, ಒಂದು ಅವರ ಮನೆಯಲ್ಲಿ, ಒಂದು ಪಕ್ಕದ ಮನೆಯಲ್ಲಿ. "ಉಪವಾಸ ಅಂದ್ಮೇಲೆ ನಿತ್ರಾಣ ಆಗ್ಬುಡ್ತದಲ್ಲಾ ಸಾ, ಅದ್ಕೇ ದಿನಕ್ಕಿಂತ ಒಸಿ ಮುಂದಾಗೇ ತಿಂದ್ಕಂಡ್ವಿ."

ನಮ್ಮ ಕಡೆ ಒಪ್ಪತ್ತು ಉಪವಾಸ ಅಂದರೆ ಅನ್ನ ಬಿಡುವುದು. ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲೂ ಶನಿವಾರ ನಡೆಯುವುದು ಅದೇ. ಖಾಲಿ ಹೊಟ್ಟೆ ಅಂದರೆ ನೀರು ಬಿಟ್ಟು ಏನೂ ಇಲ್ಲ, ಇವತ್ತು ರಕ್ತ ತೆಗೆಯಲು ಆಗುವುದಿಲ್ಲ, ನಾಳೆ ಮತ್ತೆ ಬರುತ್ತೇವೆ ಎಂದೆ. ಅಜ್ಜಿಗೆ ರೇಗಿತು. ತೋಳಿನ ಪಟ್ಟಿ ತಾವೇ ಬಿಚ್ಚಿ ನನ್ನ ಕೈಗೆ ಕೊಟ್ಟು ಎದ್ದರು.

"ದೇವ್ರಿಗೇ ಉಪ್ಪಿಟ್ಟು ನಡೀತದೆ. ನಿಮ್ಮ ಮಿಸನ್ಗೆ ನಡಿಯಾಕಿಲ್ವಾ? ಅದೇನು ಅಷ್ಟು ದೊಡ್ಡ ಮಡಿವಂತ್ರುದಾ?"

ಭಾನುವಾರ ಎಲ್ಲರೂ ನಿಜವಾಗಿ ಖಾಲಿ ಹೊಟ್ಟೆಯಲ್ಲಿ ಬಂದರು. ರಕ್ತ ಕೊಟ್ಟ ಕೂಡಲೇ ಮೇಡಂ ಅವರನ್ನೂ ನನ್ನನ್ನೂ ಎಳೆದುಕೊಂಡು ಹೋಗಿ ಕೂರಿಸಿ, ಹಿಂದಿನ ದಿನದ ಸಿಟ್ಟೆಲ್ಲ ತೀರುವಷ್ಟು ಉಪ್ಪಿಟ್ಟು ಬಡಿಸಿದರು.

ಸೀಟು ಸಿಕ್ಕಿದ ಡಬ್ಬ

ಅರಕಲಗೂಡಿನ ಆಚೆ ಶುಂಠಿ ಬೆಳೆಯುವ ಒಂದು ಊರು. ಅಲ್ಲಿನ ಮಹಿಳಾ ಸಂಘದ ಅಧ್ಯಕ್ಷೆ ಬಲು ಜೋರು. ಆಕೆ ಒಂದು ಕೂಗು ಹಾಕಿದರೆ ಹೊಲದಲ್ಲಿರುವವರೂ ಬಂದು ನಿಲ್ಲುತ್ತಾರೆ. ಬಿಸಿಲೇರುವುದರೊಳಗೆ ಎಲ್ಲರ ರಕ್ತವೂ ಸಿಕ್ಕಿತು. ಅವತ್ತು ಮೇಡಂ ಕಾರು ಕೆಟ್ಟಿತ್ತು. ಅವರು ಕಾರಿನ ಹತ್ತಿರವೇ ಉಳಿದರು, ನಾನು ಐಸು ತುಂಬಿದ ಥರ್ಮೋಕೋಲ್ ಡಬ್ಬ ತಬ್ಬಿಕೊಂಡು ಹಾಸನದ ಬಸ್ಸು ಹತ್ತಿದೆ.

ಬಸ್ಸು ತುಂಬಿತ್ತು. ನನಗೆ ಹೇಗೋ ಒಂದು ಸೀಟು ಸಿಕ್ಕಿತು. ಡಬ್ಬವನ್ನು ಕಾಲ ಬಳಿ ಇಟ್ಟುಕೊಂಡೆ. ಐಸು ಕರಗಿ ಹನಿ ಸೋರುತ್ತಿತ್ತು. ಪಕ್ಕದಾತ ಮೂಗು ಮುಚ್ಚಿಕೊಂಡು, "ಮೀನಾ?" ಎಂದ. ಅಲ್ಲ ಎಂದೆ. "ಹೊಳೇದೋ, ಕೆರೇದೋ?" ಎಂದು ಹಿಂದಿನ ಸೀಟಿನಿಂದ ಇನ್ನೊಬ್ಬರು. ಕಂಡಕ್ಟರ್ ಬಂದು ಲಗೇಜು ಅಂದರು. ಮೀನು ಮಾರುವವನ ಹೆಸರು ಹೊತ್ತು ಹಾಸನದವರೆಗೆ ಹೋಗುವುದು ಯಾಕೆಂದು ನಿಜ ಹೇಳಿಬಿಟ್ಟೆ. ಮೂಳೆ ಪರೀಕ್ಷೆಗೆ ತೆಗೆದುಕೊಂಡು ಹೋಗುತ್ತಿರುವ ರಕ್ತ, ಇಂಥ ಊರಿನ ಹೆಂಗಸರದ್ದು ಎಂದೆ.

ಆ ಊರಿಗೆ ಅಳಿಯನಾದವರೊಬ್ಬರು ನಿಂತಿದ್ದರು, ಅವರು ಮುಂದೆ ಬಂದರು.

"ಅಲ್ಲಾ ಸಾ, ತಾಯಂದ್ರ ರಕ್ತ ಅಂತೀರಿ, ಕಾಲಡಿ ಇಟ್ಕಂಡಿದೀರಲ್ಲ. ನಮ್ಮತ್ತೇದೂ ಇರ್ಬೈದು ಅದ್ರಾಗೆ."

"ಹೌದಾ? ಹೆಸರೇನು?" ಎಂದೆ. ಹೇಳಿದರು. ಇತ್ತು.

ಆಮೇಲೆ ನನ್ನ ಮಾತು ಯಾರೂ ಕೇಳಲಿಲ್ಲ. ಎತ್ತಿ ಸಾ, ಮೇಲಕ್ಕೆ ಎತ್ತಿ ಎಂದರು ನಾಲ್ಕೂ ಕಡೆಯಿಂದ. ಮೇಲೆ ಲಗೇಜು ಇಡುವ ಜಾಗದಲ್ಲಿಟ್ಟರೆ ಬಿದ್ದೀತು, ತೊಡೆಯ ಮೇಲಿಟ್ಟುಕೊಂಡರೆ ಸೋರೀತು. ಹಾಗಾಗಿ ನನ್ನನ್ನು ಎಬ್ಬಿಸಿ ನನ್ನ ಸೀಟಿನಲ್ಲಿ ಡಬ್ಬವನ್ನು ಕೂರಿಸಿದರು. ಅಳಿಯಂದಿರು ತಮ್ಮ ಟವೆಲ್ಲನ್ನು ಮಡಚಿ ಕೆಳಗೆ ಹಾಕಿದರು. ನಾನು ಕಂಬಿ ಹಿಡಿದು ನಿಂತೆ. ಕಂಡಕ್ಟರ್ ಟಿಕೆಟ್ ಮಷೀನು ಕೈಯಲ್ಲಿ ಹಿಡಿದು ಡಬ್ಬವನ್ನೂ ನನ್ನನ್ನೂ ನೋಡುತ್ತಾ ಸ್ವಲ್ಪ ಹೊತ್ತು ಯೋಚಿಸಿದರು.

"ಲಗೇಜು ಅಂತ ಹಾಕೋಣ ಅಂದ್ರೆ ಸೀಟ್ ಮೇಲೆ ಕೂತದೆ. ಸೀಟ್ ಅಂತ ಹಾಕೋಣ ಅಂದ್ರೆ ಒಳಗಿರೋರೆಲ್ಲ ಹೆಂಗಸ್ರು. ಅವ್ರಿಗೆ ಫ್ರೀ. ನಿಮ್ದೊಂದು ಟಿಕೆಟ್ ತಗಳಿ ಸಾರ್ ಸಾಕು."

ಹಾಸನದವರೆಗೂ ನಾನು ದುಡ್ಡು ಕೊಟ್ಟು ನಿಂತುಕೊಂಡೇ ಬಂದೆ.

ಕೇಕು

ಎಲೈಸಾದಲ್ಲಿ ತೊಳೆಯುವ ಕೆಲಸ ಬಹಳ. ಪ್ರತಿ ಔಷಧಿಯಾದ ಮೇಲೂ ಗುಳಿಗಳನ್ನು ತೊಳೆದು, ಪ್ಲೇಟನ್ನು ಬೋರಲು ಹಾಕಿ, ಕಾಗದದ ದಪ್ಪ ಹಾಸಿನ ಮೇಲೆ ಟಪ್ ಟಪ್ ಎಂದು ಕುಕ್ಕಬೇಕು. ಒಂದು ಹನಿ ಉಳಿದರೂ ಲೆಕ್ಕ ತಪ್ಪುತ್ತದೆ. ಇರುವುದು ಒಂದೇ ಪ್ಲೇಟಾದ್ದರಿಂದ ಮೇಡಂ ಹಳೆಯ ಖಾಲಿ ಪ್ಲೇಟು ಇಟ್ಟುಕೊಂಡು ಕುಕ್ಕುವುದನ್ನೇ ಅಭ್ಯಾಸ ಮಾಡುತ್ತಿದ್ದರು. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಅದೇ ಸದ್ದು. ನಾನೂ ಜೊತೆಗೆ ಕುಕ್ಕುತ್ತಿದ್ದೆ.

ಒಂದು ದಿನ ಕೆಳಗಿನ ಬೇಕರಿಯವರು ಮೈದಾ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದರು. ಒಂದು ತಟ್ಟೆ ಮುಂದಿಟ್ಟರು. ಅದರಲ್ಲಿ ನಡು ಕುಸಿದು ರೊಟ್ಟಿಯಂತಾದ ಒಂದು ಕೇಕಿತ್ತು.

"ಮೇಡಂ, ಓವನ್‌ನಲ್ಲಿ ಕೇಕು ಉಬ್ಬೋ ಹೊತ್ತಿಗೆ ಸರಿಯಾಗಿ ಮೇಲೆ ನೀವು ಕುಟ್ಟೋಕೆ ಶುರು ಮಾಡ್ತೀರಿ. ಅದುರಿ ಅದುರಿ ಹಿಂಗೆ ಕೂತ್ಬಿಡ್ತದೆ. ಏನು ಕೆಲಸ ಇದು?"

ಜನರ ಮೂಳೆ ಗಟ್ಟಿಯಾಗಲಿ ಎಂದು ಮಾಡುತ್ತಿರುವ ಪರೀಕ್ಷೆ ಎಂದು ಮೇಡಂ ಸಂಕೋಚದಿಂದ ಹೇಳಿದರು. ಬೇಕರಿಯವರು ಕೇಕಿಗೆ ಬೆರಳಿನಿಂದ ಬಡಿದರು. ಮರದ ಹಲಗೆಯ ಸದ್ದು ಬಂತು.

"ಜನರ ಮೂಳೆ ಯಾವಾಗ ಗಟ್ಟಿ ಆಗ್ತದೋ ಗೊತ್ತಿಲ್ಲ. ನನ್ನ ಕೇಕು ಆಗಲೇ ಆಗಿದೆ."

ಎಂಟು ಕಣ್ಣು

ಪ್ಲೇಟು ಹಾಕಬೇಕೆಂದುಕೊಂಡ ವಾರಕ್ಕೆ ಸರಿಯಾಗಿ ಆಯುಧಪೂಜೆ ಬಂತು. ಲ್ಯಾಬಿನಲ್ಲಿ ಪೂಜೆ ಮೇಡಂ ಅವರದ್ದೇ. ಎಷ್ಟು ಓದಿದ್ದರೂ ಆ ಒಂದು ದಿನ ಅವರು ಮಡಿ ಸೀರೆ ಉಟ್ಟು ಬಂದು ಫ್ರಿಜ್ಜು, ರಕ್ತವನ್ನು ಗಿರಗಿರನೆ ತಿರುಗಿಸಿ ತಿಳಿ ಬೇರ್ಪಡಿಸುವ ಸೆಂಟ್ರಿಫ್ಯೂಜು, ನನ್ನ ಸ್ಕೂಟರು, ಎಲ್ಲಕ್ಕೂ ಗಂಧ ಕುಂಕುಮ ಇಡುತ್ತಾರೆ. ಕೊನೆಗೆ ಬಣ್ಣ ಓದುವ ಯಂತ್ರದ ಹತ್ತಿರ ಬಂದರು. ಪ್ಲೇಟು ಹೋಗುವ ಜಾಗದಲ್ಲಿ ಅದಕ್ಕೆ ಸಾಲಾಗಿ ಎಂಟು ಗಾಜಿನ ಕಣ್ಣುಗಳಿವೆ. ಪ್ಲೇಟಿನ ಒಂದೊಂದು ಸಾಲನ್ನು ಒಂದೊಂದು ಕಣ್ಣು ಓದುತ್ತದೆ.

"ಹೊರಗಡೆ ಡಬ್ಬಕ್ಕೆ ಇಟ್ಟು ಏನು ಪ್ರಯೋಜನ. ನೋಡೋದು ಒಳಗಿರೋ ಕಣ್ಣು ತಾನೆ" ಎಂದು ಮುಚ್ಚಳ ತೆಗೆಸಿ, ಕಣ್ಣುಗಳ ಮೇಲ್ಗಡೆ ಅಚ್ಚುಕಟ್ಟಾಗಿ ಎಂಟು ಬೊಟ್ಟು ಇಟ್ಟು ಕೈ ಮುಗಿದರು.

ಹಬ್ಬ ಮುಗಿದ ಮೇಲೆ ಪ್ಲೇಟು ಹಾಕಿದೆವು. ಏನೂ ತಪ್ಪಾಗಲಿಲ್ಲ. ಮೊದಲು ನೀಲಿ, ಕೊನೆಯ ಆಸಿಡ್ ಬಿದ್ದ ಕೂಡಲೇ ಚಿನ್ನದಂಥ ಹಳದಿ. ಬಣ್ಣ ನಿಲ್ಲುವುದು ಸ್ವಲ್ಪವೇ ಹೊತ್ತು, ಅಷ್ಟರೊಳಗೆ ಓದಿಸಬೇಕು. ಯಂತ್ರಕ್ಕೆ ಕೊಟ್ಟೆವು. ಅಂಕಿಗಳು ಬಂದವು. ಎಲ್ಲ ಊರೂ ಸಾಧಾರಣ. ಒಂದು ಸಾಲು ಮಾತ್ರ ಆಕಾಶಕ್ಕೆ ಹೋಗಿತ್ತು. ಆ ಸಾಲಿನ ತುಂಬ ಇದ್ದದ್ದು ಅರಕಲಗೂಡಿನ ಆಚೆಯ ಆ ಒಂದೇ ಊರು.

ಮೇಡಂ ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು. ಅವರು ಆತುರದವರಲ್ಲ. ಆದರೆ ಜೀವಮಾನದಲ್ಲಿ ಒಂದು ಸಲ ಇಂಥದ್ದು ಕಣ್ಣೆದುರು ಬಂದರೆ ಯಾರ ಕೈ ತಾನೆ ಸುಮ್ಮನಿರುತ್ತದೆ. ಆ ಊರಿನ ಅಧ್ಯಕ್ಷೆಗೆ ಅಲ್ಲಿಂದಲೇ ಫೋನ್ ಹಚ್ಚಿದರು.

"ನಿಮ್ಮೂರಲ್ಲಿ ಹೆಂಗಸರು ವಿಶೇಷವಾಗಿ ಏನು ತಿಂತೀರ?"

"ಏನೈತೋ ಅದ್ನೇ ತಿಂತೀವಿ ಮೇಡಮ್ಮೋರೆ. ಮುದ್ದೆ, ಉಳ್ಳಿಕಾಳು ಸಾರು, ಏಡಿ. ಯಾಕೆ?"

"ನಿಮ್ಮೂರಿನ ಕಾವಲುಗಾರ ಭಾಳ ಜೋರಾಗಿದ್ದಾನೆ. ಇಂಥ ಮೂಳೆ ನಾನು ಎಲ್ಲೂ ನೋಡಿಲ್ಲ."

ಫೋನಿಟ್ಟು ಮೇಡಂ ಮತ್ತೆ ಅಂಕಿಗಳ ಮುಂದೆ ಕೂತರು. ಇದ್ದಕ್ಕಿದ್ದಂತೆ ಅವರ ಮುಖ ಇಳಿಯಿತು. ಪ್ರತಿ ಸಾಲಿನ ಮೊದಲ ಗುಳಿಗಳಲ್ಲಿ ಜನರ ರಕ್ತ ಇರುವುದಿಲ್ಲ. ಎಷ್ಟು ಬಣ್ಣ ಬರಬೇಕೆಂದು ಮೊದಲೇ ಗೊತ್ತಿರುವ, ಕಿಟ್ಟಿನ ಜೊತೆಗೇ ಬರುವ ದ್ರಾವಣ ಇರುತ್ತದೆ. ಆ ಸಾಲಿನಲ್ಲಿ ಅದೂ ಆಕಾಶಕ್ಕೆ ಹೋಗಿತ್ತು.

"ಅಲ್ಲಪ್ಪಾ, ಈ ದ್ರಾವಣ ಬಂದಿರೋದು ಹೊರದೇಶದಿಂದ" ಎಂದರು ಮೇಡಂ ಮೆಲ್ಲಗೆ. "ಅದು ಯಾವಾಗ ಅರಕಲಗೂಡಿಗೆ ಹೋಗಿ ಮುದ್ದೆ ಉಂಡು ಬಂತು?"

ಇಬ್ಬರೂ ಒಟ್ಟಿಗೆ ಯಂತ್ರದ ಕಡೆ ನೋಡಿದೆವು. ಮುಚ್ಚಳ ತೆಗೆದರೆ ಏಳು ಕಣ್ಣು ಸ್ವಚ್ಛ. ಒಂದು ಕಣ್ಣಿಗೆ ಮೇಲಿನ ಬೊಟ್ಟಿನಿಂದ ಉದುರಿದ ಕುಂಕುಮ ಬಿದ್ದಿತ್ತು. ಬೆಳಕಿಗೆ ಅಡ್ಡ ಬಂದದ್ದನ್ನೆಲ್ಲ ಅದು ಬಣ್ಣ ಎಂದೇ ಲೆಕ್ಕ ಹಾಕಿತ್ತು. ಹತ್ತಿಗೆ ಸ್ಪಿರಿಟ್ ಹಾಕಿ ಎಂಟೂ ಕಣ್ಣು ಒರೆಸಿದೆವು. ಮೇಡಂ ಗಡಿಯಾರ ನೋಡುತ್ತಲೇ ಇದ್ದರು. ಬಣ್ಣ ನಿಲ್ಲುವ ಹೊತ್ತು ಮುಗಿಯುವ ಮೊದಲೇ ಮತ್ತೆ ಓದಿಸಿದೆವು. ಸಾಲು ಸದ್ದಿಲ್ಲದೆ ಭೂಮಿಗೆ ಇಳಿಯಿತು. ಎಲ್ಲ ಊರಿನ ಹಾಗೆಯೇ ಆ ಊರು. ಪ್ಲೇಟು ಉಳಿಯಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಉಳಿದದ್ದು ಹೆಂಗಸರ ವಿಷಯ. ಮೇಡಂ ಅಧ್ಯಕ್ಷೆಗೆ ಫೋನ್ ಮಾಡಿದರು. ಎಂಗೇಜು. ಮತ್ತೆ ಮಾಡಿದರು. ಎಂಗೇಜು. ಸಾಯಂಕಾಲದವರೆಗೂ ಎಂಗೇಜು. ಸುದ್ದಿ ಹೋಗುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಬೇಕರಿಯ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಅಧ್ಯಕ್ಷೆ, ಹಿಂದೆ ಸಂಘದ ಹೆಂಗಸರು, ಅವರ ಹಿಂದೆ ಚೀಲಗಳು. ರಾಗಿ, ಹುರುಳಿಕಾಳು, ಶುಂಠಿ, ಒಂದು ಬಿಂದಿಗೆ ಬಾವಿ ನೀರು, ಬಕೆಟ್ಟಿನಲ್ಲಿ ಜೀವಂತ ಏಡಿಗಳು. ನಮ್ಮ ಮೂಳೆಗೆ ಇದ್ಯಾವುದು ಕಾರಣ ಅಂತ ನೀವೇ ನೋಡಿ ಎಂದು ಎಲ್ಲವನ್ನೂ ಮೇಲೆ ತಂದು ಇಳಿಸಿದರು. ಏಡಿಯೊಂದು ಬಕೆಟ್ಟಿನಿಂದ ಇಳಿದು ಸೆಂಟ್ರಿಫ್ಯೂಜಿನ ಕೆಳಗೆ ಸೇರಿಕೊಂಡಿತು.

ಮೇಡಂ ಬಿಳಿಚಿಕೊಂಡರು. ಇವರನ್ನು ಸಪ್ಪೆ ಮಾಡಿ ಕಳಿಸಿದರೆ ಬರುವ ವರ್ಷ ಯಾರೂ ಕೈ ಚಾಚುವುದಿಲ್ಲ. ಸುಳ್ಳು ಹೇಳುವ ಜಾಯಮಾನ ಅವರದ್ದಲ್ಲ. ಎಲ್ಲರನ್ನೂ ಕೂರಿಸಿ, ಪೂಜೆ ಮಾಡಿದ್ದು, ಕುಂಕುಮ ಉದುರಿದ್ದು, ಯಂತ್ರ ತಪ್ಪು ಓದಿದ್ದು, ಒಂದೂ ಬಿಡದೆ ಹೇಳಿದರು. "ತಪ್ಪು ನನ್ನದೇ. ನಿಮ್ಮ ಮೂಳೆ ಎಲ್ಲರ ಹಾಗೇ ಇದೆ."

ಅಧ್ಯಕ್ಷೆ ಎದ್ದು ಯಂತ್ರದ ಹತ್ತಿರ ಹೋಗಿ ಬಗ್ಗಿ ಒಳಗೆ ನೋಡಿದರು.

"ಎಂಟು ಕಣ್ಣಿಗೂ ಬೊಟ್ಟಿಟ್ರಾ?"

"ಇಟ್ಟೆ."

"ಉದುರಿದ್ದು ಒಂದ್ರಾಗೇನಾ?"

"ಒಂದರಲ್ಲೇ."

"ಅದು ನಮ್ಮೂರ ಸಾಲೇನಾ?"

"ಹೌದು."

ಆಕೆ ನೆಟ್ಟಗೆ ನಿಂತು ತಮ್ಮವರ ಕಡೆ ತಿರುಗಿದರು. "ಕೇಳಿದ್ರೇನ್ರವ್ವಾ. ಮೂರು ತಾಲೂಕು ಐತೆ ಇದ್ರಾಗೆ. ಅಷ್ಟೂ ಊರು ಬುಟ್ಟು ಅಮ್ನೋರು ನಮ್ಮೂರ್ನೇ ಉಡುಕ್ಕಂಡು ಬಂದು ಕುಂಕುಮ ಉದುರ್ಸವ್ಳೆ." ಹೆಂಗಸರೆಲ್ಲ ಎದ್ದು ಯಂತ್ರಕ್ಕೆ ಕೈ ಮುಗಿದರು. ಆಮೇಲೆ ಆಕೆ ಮೇಡಂ ಮುಂದೆ ಅಂಗೈ ಚಾಚಿದರು. "ಎಲ್ಲಿ, ಆ ಕುಂಕುಮ ಒಸಿ ಕೊಡಿ ಮೇಡಮ್ಮೋರೆ, ಪರ್ಸಾದ."

ನಾನು ಮೇಡಂ ಮುಖ ನೋಡಿದೆ. ಮೇಡಂ ಸ್ಪಿರಿಟ್ ಹತ್ತಿ ಬಿದ್ದಿದ್ದ ಕಸದ ಡಬ್ಬಿ ನೋಡಿದರು. ಆಮೇಲೆ ಹೋಗಿ ಪೂಜೆಯ ತಟ್ಟೆಯನ್ನೇ ತಂದು, ಉಳಿದಿದ್ದ ಕುಂಕುಮವನ್ನು ಒಬ್ಬೊಬ್ಬರಿಗೂ ಹಂಚಿದರು.

ಮೆಟ್ಟಿಲಿಳಿಯುವ ಮುಂಚೆ ಅಧ್ಯಕ್ಷೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಬರಾ ವರ್ಸ ನಾವೆಲ್ಲ ಬಂದೇ ಬತ್ತೀವಿ ಸಾ. ಆದ್ರೆ ಆ ಸಾಲ್ಗೆ ಬ್ಯಾರೆ ಊರೋರ್ನ ಗೀರೋರ್ನ ಕೂರಿಸ್ಬುಟ್ಟೀರಾ, ಉಸಾರು."